ಗರುಡನಿಗೊಂದು ಕಿಂಡಿ

ಮುಂಬಯಿ ಪಕ್ಕದ ಠಾಣೆ ಪೇಟೆಯ ಕೋಪರಿಯಲ್ಲಿ ವಸಂತಕುಮಾರ ಸಾಲ್ಯಾನರನ್ನು ಊಟಕ್ಕೆ ಕರೆಯಲು ಜನ ಸ್ವಲ್ಪ ಹೆದರುತ್ತಿದ್ದರು. ಅವರು ಹೆಚ್ಚು ತಿನ್ನುತ್ತಾರೆ ಎಂದಲ್ಲ, ಹೆಚ್ಚು ನೋಡುತ್ತಾರೆ ಎಂದು. ಬಡಿಸಿದ ಇಡ್ಲಿಯನ್ನು ಟ್ಯೂಬ್‌ಲೈಟಿನ ಕಡೆಗೆ ಎತ್ತಿ ಹಿಡಿದು, ಒಂದು ಸುತ್ತು ತಿರುಗಿಸಿ, "ಅಂಚು ಸರಿ ಬರ್ಲಿಲ್ಲ" ಎಂದು ತೀರ್ಪು ಕೊಟ್ಟು, ಆಮೇಲೆ ಆರು ತಿನ್ನುವ ಅತಿಥಿಯನ್ನು ಯಾವ ಗೃಹಿಣಿ ತಾನೇ ಸಹಿಸಿಯಾಳು?

ಅದಕ್ಕೆ ಅವರ ಹೊಟ್ಟೆಪಾಡೇ ಕಾರಣ. ಮಹಾಪೆಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಅವರು ಕ್ವಾಲಿಟಿ ಇನ್‌ಸ್ಪೆಕ್ಟರ್. ಅಲ್ಲಿ ಮಾಡುವುದು ಬಾಟಲಿಯ ಮುಚ್ಚಳಗಳನ್ನು. ಕೆಮ್ಮಿನ ಔಷಧದ ಬಾಟಲಿಗೆ ಒಂದು ಬಗೆ, ತಲೆಗೆ ಹಚ್ಚುವ ಎಣ್ಣೆಯ ಬಾಟಲಿಗೆ ಇನ್ನೊಂದು ಬಗೆ. ಬೆಲ್ಟಿನ ಮೇಲೆ ಮುಚ್ಚಳಗಳ ಮೆರವಣಿಗೆ ಹೊರಡುತ್ತದೆ. ಬಿಳಿ ದೀಪದ ಕೆಳಗೆ ಕೂತ ವಸಂತಕುಮಾರರ ಕಣ್ಣೆದುರಿಗೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ದೇವರ ಹಾಗೆ ಕೂತಿರುವ ಒಂದೇ ಒಂದು ಮುಚ್ಚಳ. ಅದಕ್ಕೆ ಮಾಸ್ಟರ್ ಸ್ಯಾಂಪಲ್ ಎನ್ನುತ್ತಾರೆ. ಬೆಲ್ಟಿನ ಮುಚ್ಚಳ ಅದರ ಹಾಗಿದ್ದರೆ ಪಾಸು, ಕೂದಲೆಳೆಯಷ್ಟು ಬೇರೆಯಾದರೂ ಕೆಂಪು ಡಬ್ಬಿಗೆ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಕೆಟ್ಟ ಮುಚ್ಚಳ ತಮ್ಮ ಕಣ್ಣು ತಪ್ಪಿಸಿ ಹೋಗಿಲ್ಲ ಎಂಬುದು ಅವರ ಹೆಮ್ಮೆ. ಒಳ್ಳೆಯದು ಎಷ್ಟು ಕೆಂಪು ಡಬ್ಬಿಗೆ ಬಿತ್ತು ಎಂದು ಯಾರೂ ಕೇಳಿರಲಿಲ್ಲ. ಕಾರ್ಖಾನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕಾರ್ಖಾನೆಯ ಕಣ್ಣನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರಲು ಆಗುತ್ತದೆಯೇ? ಹೆಂಡತಿ ಸ್ವರ್ಣಲತಾ ಹೇಳುವ ಪ್ರಕಾರ, ಹೆಣ್ಣು ನೋಡಲು ಕಾರ್ಕಳದ ಅವರ ಮನೆಗೆ ಬಂದಾಗ ಇವರು ನಲವತ್ತು ನಿಮಿಷ ನೋಡಿದ್ದರಂತೆ. ಪಾಸೋ ಫೇಲೋ ಹೇಳದೆ ಬಸ್ಸು ಹತ್ತಿದ್ದರಂತೆ. "ಹದಿನೈದು ದಿವಸ ಆದ್ಮೇಲೆ ಕಾರ್ಡು ಬಂತು, ಬ್ಯಾಚ್ ನಂಬರ್ ಒಂದು ಬರೀಲಿಲ್ಲ ಅಷ್ಟೆ" ಎಂದು ಅವರು ಈಗಲೂ ಮದುವೆ ಮನೆಗಳಲ್ಲಿ ಹೇಳಿ ನಗಿಸುತ್ತಾರೆ. ಮನೆಯಲ್ಲಿ ಗಂಡ ಹೆಂಡತಿಯ ಮಾತು ತುಳುವಿನಲ್ಲಿ, ಓದುವವರ ಅನುಕೂಲಕ್ಕೆ ಇಲ್ಲಿ ಕನ್ನಡ ಮಾಡಿದೆ. ಮಗಳು ದಿಶಾ ತುಳುವನ್ನೂ ಕನ್ನಡವನ್ನೂ ಚೆನ್ನಾಗಿ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಕೋಪ ಬಂದರೆ ಮಾತ್ರ ಹಿಂದಿ.

ಅಪ್ಪನ ಕಣ್ಣಿಗೆ ಮುಚ್ಚಳ ಬಿಟ್ಟು ಬೇರೆ ಏನಾದರೂ ಬೀಳಲಿ ಎಂದು ಮೂರು ವರ್ಷದ ಹಿಂದೆ ದಿಶಾ ಒಂದು ದುರ್ಬೀನು ತಂದುಕೊಟ್ಟು, ಐರೋಲಿಯ ಖಾಡಿಗೆ ಫ್ಲೆಮಿಂಗೋ ತೋರಿಸಲು ಕರೆದೊಯ್ದಳು. ಸಮುದ್ರ ಒಳಕ್ಕೆ ಚಾಚಿದ ಕೆಸರಿನ ಹಿನ್ನೀರಿಗೆ ಈ ಕಡೆ ಖಾಡಿ ಎನ್ನುವುದು. ಆ ಕೆಸರಿನಲ್ಲಿ ಸಾವಿರಾರು ಗುಲಾಬಿ ಹಕ್ಕಿಗಳು ಒಂಟಿಗಾಲಿನಲ್ಲಿ ನಿಂತಿದ್ದವು. ದೋಣಿಯಲ್ಲಿದ್ದ ಬೇರೆಯವರು "ಆಹಾ" ಎಂದರು. ವಸಂತಕುಮಾರರು ಹತ್ತು ನಿಮಿಷ ನೋಡಿ, "ಬಣ್ಣ ಒಂದೇ ತರ ಇಲ್ಲ. ನೂರಕ್ಕೆ ಇಪ್ಪತ್ತು ಬೂದಿ ಬಣ್ಣದ್ದು ಸೇರಿಕೊಂಡಿದೆ" ಎಂದರು.

"ಪಪ್ಪಾ, ವೋ ಬಚ್ಚೇ ಹೈ!" ಎಂದಳು ದಿಶಾ, ಹಿಂದಿಯಲ್ಲಿ. ಮರಿಗಳಿಗೆ ಗುಲಾಬಿ ಬಣ್ಣ ಬರಲು ವರ್ಷಗಳೇ ಬೇಕಂತೆ.

ವಸಂತಕುಮಾರರು ತಲೆಯಾಡಿಸಿದರು. ಆದರೆ ಆ ಮಾತು ತಲೆಯೊಳಗೆ ಇಳಿಯಲಿಲ್ಲ. ದುರ್ಬೀನಿನ ರುಚಿ ಮಾತ್ರ ಹತ್ತಿತು.

ಆ ದುರ್ಬೀನೇ ಅವರನ್ನು ಈ ಕಥೆಗೆ ಸಿಕ್ಕಿಸಿದ್ದು.

ಕೋಪರಿಯಲ್ಲಿ ನಮ್ಮ ಕರಾವಳಿಯವರದೊಂದು ಭಜನಾ ಮಂಡಳಿ ಇದೆ. ಅದಕ್ಕೊಂದು ಪುಟ್ಟ ವಿಷ್ಣುಮೂರ್ತಿ ಗುಡಿ. ಎರಡು ಹಳೆ ಕಟ್ಟಡಗಳ ನಡುವೆ, ರೈಲಿನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕನೆಯವನು ಕೂತ ಹಾಗೆ ಕೂತಿದೆ. ಕಳೆದ ವರ್ಷ ಗುಡಿಯನ್ನು ಹೊಸದಾಗಿ ಕಟ್ಟಿ, ವೈಶಾಖದ ಒಂದು ಭಾನುವಾರ ಬ್ರಹ್ಮಕಲಶ ಎಂದು ನಿಶ್ಚಯವಾಯಿತು. ನೂರೆಂಟು ಕಲಶದ ನೀರನ್ನು ದೇವರಿಗೆ ಅಭಿಷೇಕ ಮಾಡುವ ದೊಡ್ಡ ಕಾರ್ಯ ಅದು. ಕರಾವಳಿಯವರಿಗೆ ಅದರಲ್ಲಿ ಇನ್ನೂ ಒಂದು ಕಾತರ. ಅಭಿಷೇಕದ ಹೊತ್ತಿಗೆ ಸರಿಯಾಗಿ ಗುಡಿಯ ಮೇಲೆ ಗರುಡ ಬಂದು ಸುತ್ತು ಹಾಕಬೇಕು. ಬಂದರೆ ದೇವರು ಒಪ್ಪಿದ ಎಂದು ಲೆಕ್ಕ. ಬರದಿದ್ದರೆ ಯಾರೂ ಏನೂ ಹೇಳುವುದಿಲ್ಲ. ಆ ಹೇಳದಿರುವುದೇ ಹತ್ತು ವರ್ಷ ನಡೆಯುತ್ತದೆ.

ಮಂಡಳಿಯ ಅಧ್ಯಕ್ಷ ರಂಜನ್ ಹೆಗ್ಡೆ, ಸ್ಟೇಷನ್ ಪಕ್ಕದ ಹೋಟೆಲಿನವರು, ಒಂದು ಸಂಜೆ ಮನೆಗೆ ಬಂದರು.

"ವಸಂತಣ್ಣ, ಎಲ್ಲ ವ್ಯವಸ್ಥೆ ಆಯ್ತು. ಪೊಲೀಸ್ ಪರ್ಮಿಶನ್ ಆಯ್ತು, ಚೆಂಡೆಯವರ ಟಿಕೆಟ್ ಆಯ್ತು, ತಂತ್ರಿಗಳಿಗೆ ಎ.ಸಿ. ರೂಮ್ ಆಯ್ತು. ಗರುಡನದ್ದೊಂದು ಕನ್ಫರ್ಮ್ ಇಲ್ಲ."

"ಅದಕ್ಕೆ ನನ್ನ ಕೈಯಲ್ಲಿ ಎಂತ ಉಂಟು ಮಾರಾಯ?"

"ಕೈಯಲ್ಲಿ ಎಂತ ಇಲ್ಲ. ಕಣ್ಣಿಗೆ ಉಂಟಲ್ಲ, ದುರ್ಬೀನು! ನೀವು ಪಕ್ಕದ ಬಿಲ್ಡಿಂಗಿನ ಟೆರೇಸಲ್ಲಿ ನಿಲ್ಲಿ. ಗರುಡ ಕಂಡ ಕೂಡ್ಲೇ ಹಸಿರು ಬಾವುಟ ಬೀಸಿ. ನಾನು ಕೆಳಗೆ ಮೈಕಲ್ಲಿ ಅನೌನ್ಸ್ ಮಾಡ್ತೇನೆ. ಹೋದ ವರ್ಷ ಡೊಂಬಿವಲಿಯಲ್ಲಿ ಒಬ್ರು ಪಾರಿವಾಳ ನೋಡಿ ಗರುಡ ಅಂತ ಕೂಗಿ, ಆ ವಿಡಿಯೋ ಊರಿನವರೆಗೆ ಹೋಗಿದೆ. ನಮಗೆ ಹಾಗೆ ಆಗ್ಬಾರ್ದು. ನಮ್ಮ ಗರುಡ ಇನ್‌ಸ್ಪೆಕ್ಷನ್ ಆದ ಗರುಡ ಆಗ್ಬೇಕು."

ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಾಗ, ಹೂವಿನ ಅಲಂಕಾರ, ಪಾದರಕ್ಷೆ ವಿಭಾಗ ಎಂಬ ಸಾಲುಗಳ ನಡುವೆ "ಗರುಡ ವೀಕ್ಷಣೆ: ಶ್ರೀ ವಸಂತಕುಮಾರ ಸಾಲ್ಯಾನ್" ಎಂದಿತ್ತು. ಅವರು ಪತ್ರಿಕೆಯನ್ನು ಬೆಳಕಿಗೆ ಹಿಡಿದು, ತಮ್ಮ ಹೆಸರಿನ ಇನಿಶಿಯಲ್ ಬಿಟ್ಟುಹೋಗಿದೆ ಎಂದರು.

ಮುಂಬಯಿ ಕಡೆಯ ಸಮಾರಂಭಕ್ಕೆ ಒಂದು ತೊಡಕು ಇದೆ. ಬಿಸಿಲಿಗೆ ಹೆದರಿ ನಾವು ಈ ತುದಿಯಿಂದ ಆ ತುದಿಯವರೆಗೆ ಶಾಮಿಯಾನ ಕಟ್ಟುತ್ತೇವೆ, ಆಮೇಲೆ ಆಕಾಶದಿಂದ ಗರುಡ ಬರಲಿ ಎಂದು ಕಾಯುತ್ತೇವೆ. ಈ ಸಲ ರಂಜನ್ ಹೆಗ್ಡೆ ತಲೆ ಓಡಿಸಿ ಗುಡಿಯ ಎದುರಿಗೆ, ಶಾಮಿಯಾನದ ನಡುವೆ, ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ತೆರಪು ಬಿಡಿಸಿದರು. ಜನ ಅದಕ್ಕೆ ಗರುಡ ಕಿಂಡಿ ಎಂದು ಹೆಸರಿಟ್ಟರು.

"ಅಷ್ಟು ಸಣ್ಣ ಜಾಗದಲ್ಲಿ ಹಕ್ಕಿ ಎಷ್ಟು ಹೊತ್ತು ಕಾಣ್ತದೆ? ಎರಡು ಸೆಕೆಂಡು" ಎಂದರು ವಸಂತಕುಮಾರರು.

"ಎರಡು ಸೆಕೆಂಡು ಸಾಕು ದೇವರಿಗೆ. ಅಲ್ಲ, ಒಂದು ಮಾತು..." ರಂಜನ್ ದನಿ ತಗ್ಗಿಸಿದರು. "ಆ ಟೆರೇಸಲ್ಲಿ ನಾಲ್ಕು ಬಂಗುಡೆ ಮೀನು ಇಟ್ರೆ ಹೇಗೆ?"

ಹತ್ತಿರದಲ್ಲೇ ಕಾಫಿ ಕುಡಿಯುತ್ತಿದ್ದ ಪುರೋಹಿತ ಹೃಷೀಕೇಶ ಭಟ್ಟರು ಲೋಟ ಕೆಳಗಿಟ್ಟರು. "ಹೆಗ್ಡೆರೇ, ಅವ ದೇವರ ವಾಹನ. ಏನು ತಿಂತಾನೆ ಅಂತ ನಾವು ಕೇಳ್ಬಾರ್ದು, ಅವ ಹೇಳ್ಬಾರ್ದು." ಬಂಗುಡೆಯ ಪ್ರಸ್ತಾಪ ಅಲ್ಲಿಗೇ ಬಿದ್ದುಹೋಯಿತು.

ಇಷ್ಟೇ ಆಗಿದ್ದರೆ ವಸಂತಕುಮಾರರಿಗೆ ನಿದ್ದೆ ಬರುತ್ತಿತ್ತು. ಆದರೆ ಪತ್ರಿಕೆ ಓದಿದ ರಾತ್ರಿ ಸ್ವರ್ಣಲತಾ ಬಟ್ಟೆ ಮಡಚುತ್ತಾ, ಬಹಳ ಸಾಮಾನ್ಯವಾದ ಮಾತು ಎಂಬಂತೆ ಹೇಳಿದರು: "ಈ ಸಲ ಆದ್ರೂ ನನಗೆ ಗರುಡನನ್ನು ತೋರಿಸಿ, ಆಯ್ತಾ?"

"ನೀನು ನೋಡ್ಲೇ ಇಲ್ವಾ?"

"ಎಲ್ಲಿ ನೋಡಿದ್ದು! ಏಳು ವರ್ಷ ಇರುವಾಗ ಎಲ್ರೂ ಗರುಡ ಗರುಡ ಅಂತ ಕೂಗುವಾಗ ಅಣ್ಣ ನನ್ನ ಜಡೆ ಎಳ್ದ. ಅವನಿಗೆ ಎರಡು ಬಿಟ್ಟು ತಲೆ ಎತ್ತುವಾಗ ಹೋಗಿಯಾಯ್ತು. ಮದುವೆಯಾದ ವರ್ಷ ನಿಮ್ಮೂರಲ್ಲಿ ಬ್ರಹ್ಮಕಲಶ, ನಾನು ಹೊಸ ಸೊಸೆ ಅಂತ ಅಡುಗೆಮನೆಯಲ್ಲಿ ತೊಂಡೆಕಾಯಿ ಹೆಚ್ತಾ ಇದ್ದೆ. ಆಮೇಲೊಂದು ಸಲ ದಿಶಾ ಕಂಕುಳಲ್ಲಿ, ಸರಿ ಆ ಹೊತ್ತಿಗೇ ಮೈಮೇಲೆ ಹಾಲು ಕಕ್ಕಿದ್ಳು. ನಾಲ್ಕನೇ ಸಲ ನೆರೂಳಲ್ಲಿ, ತಲೆ ಎತ್ತಿದ್ರೆ ಶಾಮಿಯಾನದ ಬಟ್ಟೆ. ಸುತ್ತಲೂ ಎಲ್ರೂ ಕೈ ಮುಗೀತಿದ್ರು, ನಾನೂ ಮುಗ್ದೆ."

"ಬೇರೆ ದಿವಸ ಖಾಡಿಯಲ್ಲಿ ಬೇಕಾದಷ್ಟು ಕಾಣ್ತದಲ್ಲ?"

"ಮೂವತ್ತು ವರ್ಷದಲ್ಲಿ ಯಾರು ಕರ್ಕೊಂಡು ಹೋದದ್ದು?" ಎಂದು ಸ್ವರ್ಣಲತಾ ಕೊನೆಯ ಟವೆಲ್ ಮಡಚಿದರು. "ಮತ್ತೆ ನೋಡಿ, ಬೇರೆಯವರ ಮಾತು ನನಗೆ ಬೇಡ. ನೀವು ಅದು ಗರುಡ ಅಂದ್ರೆ ಗರುಡ. ನೀವು ಸುಳ್ಳು ಪಾಸ್ ಮಾಡುವವರಲ್ಲ."

ಆ ರಾತ್ರಿಯಿಂದ ವಸಂತಕುಮಾರರಿಗೆ ಮಂಡಳಿಯ ಮರ್ಯಾದೆ ಎರಡನೆಯದಾಯಿತು. ಹೆಂಡತಿಗೆ ಗರುಡನನ್ನು ತೋರಿಸುವುದು ಮೊದಲನೆಯದು.

ಮೂರು ವಾರ ಕಂಪನಿ ಬಸ್ಸು ಬರುವ ಮುಂಚೆ ಬೆಳಿಗ್ಗೆ ಆರಕ್ಕೆ ಟೆರೇಸ್ ಹತ್ತಿದರು. ಕಂಡ ಹಕ್ಕಿಗಳನ್ನೆಲ್ಲ ವಹಿಯಲ್ಲಿ ಬರೆದರು. ಹದ್ದುಗಳಿಗೆ ಕೋಪರಿಯಲ್ಲಿ ಬರವಿಲ್ಲ. ಕಸದ ಲಾರಿ ಹೋದಲ್ಲೆಲ್ಲ ಹದ್ದು. ಗರುಡ ಮಾತ್ರ ಖಾಡಿಯ ಕಡೆಯಿಂದ ದಿನಕ್ಕೊಮ್ಮೆ ಬಂದರೆ ಬಂತು. ಗರುಡ ಹೇಗಿರಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೈ ಸುಟ್ಟ ಇಟ್ಟಿಗೆಯ ಕೆಂಪು, ತಲೆ ಎದೆ ಹಾಲು ಬಿಳುಪು. ಮನೆಯ ದೇವರ ಕ್ಯಾಲೆಂಡರಿನಲ್ಲಿ ಇರುವುದು ಅದೇ. ಆ ಚಿತ್ರವನ್ನು ಅವರು ಮನಸ್ಸಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದರು.

ಭಾನುವಾರ ಬಂತು. ಮುಹೂರ್ತ ಹತ್ತು ನಲವತ್ತೆರಡಕ್ಕೆ. ಎಂಟು ಗಂಟೆಗೇ ವಸಂತಕುಮಾರರು ಪಕ್ಕದ ಕಟ್ಟಡದ ಟೆರೇಸಿನ ಮೇಲೆ ದುರ್ಬೀನು, ನೀರಿನ ಬಾಟಲಿ, ಮಂಡಳಿಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಎರವಲು ಕೊಟ್ಟ ಹಸಿರು ಬಾವುಟ, ಇಷ್ಟರ ಸಮೇತ ಸಜ್ಜಾದರು. ಅಲ್ಲಿ ಅವರಿಗೊಬ್ಬ ಜೊತೆಗಾರ ಸಿಕ್ಕ. ಶಾಮಿಯಾನದ ಹಗ್ಗಗಳನ್ನು ಆ ಟೆರೇಸಿನ ಗೋಡೆಗೆ ಬಿಗಿದಿದ್ದರು; ಗಾಳಿಗೆ ಸಡಿಲವಾದರೆ ಬಿಗಿಯಲು ಸೈದಪ್ಪನನ್ನು ಕೂರಿಸಿದ್ದರು. ಕಲಬುರಗಿ ಕಡೆಯ ನಡುವಯಸ್ಸಿನ ಆಳು. ಇಪ್ಪತ್ತು ವರ್ಷದಿಂದ ಠಾಣೆ ಕಲ್ಯಾಣದ ಕಟ್ಟಡಗಳಿಗೆ ಬಿದಿರಿನ ಅಟ್ಟಣೆ ಕಟ್ಟಿದವನು. ನೆಲಕ್ಕಿಂತ ಹೆಚ್ಚು ಕಾಲ ಆಕಾಶದಲ್ಲೇ ಕಳೆದವನು.

"ಸಾಹೇಬ್ರ, ಆ ದುರ್ಬೀನ್ದಾಗ ಏನ್ ಹುಡುಕ್ಲಾಕತ್ತೀರಿ?"

"ಗರುಡ."

"ಹಂಗಂದ್ರ ಖಾಡಿ ದಂಡಿಗಿ ಹೋಗ್ರಿ. ಮೂರು ತೆಂಗಿನ ಗಿಡ ಅವ, ನಡುವಿಂದ್ರ ಮ್ಯಾಲ ಗೂಡು ಅದಾ. ಅಲ್ಲಿ ಪಾಯಿಪ್ ಹಾಕೋ ಕೆಲಸಕ್ಕ ಹೋದಾಗ ದಿನಾ ನೋಡ್ತಿದ್ದೆ. ಈ ಸರ್ತಿ ಮರಿನೂ ಹಾರ್ಲಾಕ ಹತ್ಯಾದ."

"ಇಲ್ಲಿಗೇ ಬರ್ಬೇಕು ಅದು. ಹತ್ತು ನಲವತ್ತೆರಡಕ್ಕೆ."

ಸೈದಪ್ಪ ಅವರನ್ನೊಮ್ಮೆ ನೋಡಿದ. "ಅದ್ರ ಕಡಿ ಗಡಿಯಾರ ಅದಾ ಏನ್ರಿ?" ಎಂದು ಹಗ್ಗ ಬಿಗಿಯಲು ಹೋದ.

ಹತ್ತೂವರೆಗೆ ಸ್ವರ್ಣಲತಾ ಮೇಲೆ ಬರಬೇಕೆಂದು ಮಾತಾಗಿತ್ತು. ಕಿಂಡಿ ಗಿಂಡಿಯ ಹಂಗಿಲ್ಲದೆ, ಗಂಡನ ಪಕ್ಕದಲ್ಲಿ ನಿಂತು, ದುರ್ಬೀನು ಹಿಡಿದು ನೋಡಬೇಕೆಂದು. ಹೊಸ ಸೀರೆ ಉಟ್ಟು ಅವರು ಹೊರಟೂ ಇದ್ದರು. ದಾರಿಯಲ್ಲಿ ಅಡುಗೆಯ ಪಂದಲು. ಎಂಟುನೂರು ಜನರ ಕಡ್ಲೆಬೇಳೆ ಪಾಯಸ ಕುದಿಯುತ್ತಿತ್ತು. ಅಡುಗೆಯ ಮುಖ್ಯಸ್ಥ ಸೌಟನ್ನು ಅವರ ಕೈಗೆ ತುರುಕಿ, "ಅಕ್ಕ, ಎರಡೇ ನಿಮಿಷ ತಿರುಗಿಸ್ತಾ ಇರಿ, ನಿಲ್ಲಿಸಿದ್ರೆ ಅಡಿ ಹಿಡೀತದೆ, ಈಗ ಬಂದೆ" ಎಂದು ಓಡಿದ. ಎಲ್ಲಿಗೆ? ಕಿಂಡಿಯ ಕೆಳಗೆ ಜಾಗ ಹಿಡಿಯಲು. ಅವನಿಗೂ ಗರುಡ ಬೇಕಿತ್ತು.

ಟೆರೇಸಿನಲ್ಲಿ ಹತ್ತು ಮೂವತ್ತೈದಾಯಿತು, ನಲವತ್ತಾಯಿತು. ವಸಂತಕುಮಾರರು ಆಕಾಶ ನೋಡಿದರು, ಮೆಟ್ಟಿಲು ನೋಡಿದರು. ಎರಡೂ ಖಾಲಿ. ಕೆಳಗೆ ಚೆಂಡೆಯ ಗತಿ ಏರಿತು, ಶಂಖ ಮೊಳಗಿತು, ಘಂಟೆಗಳು ಒಟ್ಟಿಗೇ ಬಡಿದುಕೊಂಡವು. ಆಗ ಪೂರ್ವದಿಂದ, ಖಾಡಿಯ ಕಡೆಯಿಂದ ಒಂದು ಹಕ್ಕಿ ತೇಲುತ್ತಾ ಬಂತು. ಸುತ್ತಿತು. ಸರಿಯಾಗಿ ಕಿಂಡಿಯ ಮೇಲೆ ಇನ್ನೊಮ್ಮೆ ಸುತ್ತಿತು.

ವಸಂತಕುಮಾರರ ಬೆರಳು ದುರ್ಬೀನಿನ ಚಕ್ರ ತಿರುಗಿಸಿತು. ಮೈ ಕಂದು. ತಲೆ ಕಂದು. ಎದೆಯೂ ಕಂದು. ಬಿಳುಪಿನ ಸುಳಿವೇ ಇಲ್ಲ. ಮನಸ್ಸಿನ ಗಾಜಿನ ಪೆಟ್ಟಿಗೆಗೂ ಇದಕ್ಕೂ ಸಂಬಂಧವೇ ಇಲ್ಲ.

ರಿಜೆಕ್ಟ್.

"ಅದರ ಮರಿ ಇರ್ಬೇಕ್ ನೋಡ್ರಿ ಸಾಹೇಬ್ರ" ಎಂದ ಸೈದಪ್ಪ, ಹಣೆಗೆ ಕೈಯಡ್ಡ ಹಿಡಿದು.

"ಮರಿಯೂ ಇಲ್ಲ ಗಿರಿಯೂ ಇಲ್ಲ. ಮಾಲೇ ಬೇರೆ. ಅದು ಹದ್ದು."

ಅಷ್ಟರಲ್ಲಿ ಕಿಂಡಿಯ ಕೆಳಗಿನಿಂದ ಒಂದು ದನಿ ಎದ್ದಿತು: "ಗರುಡ!" ಆಮೇಲೆ ಎಂಟುನೂರು ದನಿ. ಕಿಂಡಿಯ ಕೆಳಗಿದ್ದವರು ಹಕ್ಕಿಯನ್ನು ನೋಡಿ ಕೈ ಮುಗಿದರು. ಅವರ ಹಿಂದಿದ್ದವರು ಅವರನ್ನು ನೋಡಿ ಕೈ ಮುಗಿದರು. ಇನ್ನೂ ಹಿಂದೆ, ಪಾದರಕ್ಷೆ ವಿಭಾಗದಲ್ಲಿ ನಿಂತವರು ಶಾಮಿಯಾನದ ಹಳದಿ ಬಟ್ಟೆಗೇ ಕೈ ಮುಗಿದು ಕಣ್ಣೊರೆಸಿಕೊಂಡರು.

ವಸಂತಕುಮಾರರ ಮೊಬೈಲ್ ಹೊಡೆದುಕೊಂಡಿತು.

"ಬೀಸಿ ವಸಂತಣ್ಣ! ಬಾವುಟ ಬೀಸಿ! ಎಲ್ರೂ ನೋಡ್ತಾ ಇದ್ದಾರೆ!"

"ಅದು ಹದ್ದು ರಂಜನ್."

"ಹದ್ದಾದ್ರೆ ಎಂತ, ಮೇಲೆ ಉಂಟಲ್ಲ! ಬೀಸಿ ಮಾರಾಯ್ರೆ!"

"ನಾನು ಬೀಸುದಿಲ್ಲ."

ರಂಜನ್ ಫೋನ್ ಇಟ್ಟರು. ಆಮೇಲೆ ಮೈಕಿನಲ್ಲಿ ಅಧ್ಯಕ್ಷರ ಕಂಠ ಗದ್ಗದವಾಗಿ ಘೋಷಿಸಿತು: "ಭಕ್ತಬಾಂಧವರೇ, ಸಾಕ್ಷಾತ್ ಗರುಡ ದರ್ಶನ!" ಹಸಿರು ಬಾವುಟ ಮಡಚಿದ ಹಾಗೇ ವಸಂತಕುಮಾರರ ಕಂಕುಳಲ್ಲಿತ್ತು.

ಊಟ ಶುರುವಾಯಿತು. ವಸಂತಕುಮಾರರು ಇಳಿಯಲಿಲ್ಲ. ಯಾವ ಮುಖ ಹೊತ್ತು ಇಳಿಯುವುದು? ಕೆಳಗೆ ಎಂಟುನೂರು ಜನ ಖುಷಿಯಲ್ಲಿ ಕುಂಬಳಕಾಯಿ ಹುಳಿ ಸುರಿದುಕೊಳ್ಳುತ್ತಿದ್ದರು. ಆ ಖುಷಿಯನ್ನು ಕೆಂಪು ಡಬ್ಬಿಗೆ ಹಾಕುವ ಒಬ್ಬನೇ ಮನುಷ್ಯ ತಾನು. ಅದಕ್ಕಿಂತ ದೊಡ್ಡ ಭಯ ಇನ್ನೊಂದು: ಸ್ವರ್ಣಲತಾ ಬಂದು ಕೇಳಿದರೆ?

ಒಂದು ಗಂಟೆಗೆ ಅವರು ಬಂದೇ ಬಂದರು. ಒಂದು ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಎರಡು ಊಟ, ಇನ್ನೊಂದರಲ್ಲಿ ಪಾಯಸದ ತಂಬಿಗೆ. ಹೊಸ ಸೀರೆಯ ಸೆರಗಿನ ತುಂಬಾ ಬೆಲ್ಲದ ಕಲೆ. ಒಂದು ಎಲೆಯನ್ನು ಸೈದಪ್ಪನ ಮುಂದಿಟ್ಟರು, ಇನ್ನೊಂದನ್ನು ಗಂಡನ ಮುಂದೆ. ನೀರಿನ ಟಾಂಕಿಯ ನೆರಳಿನಲ್ಲಿ ಕೂತರು.

"ಐದನೇ ಸಲ" ಎಂದರು. "ಸೌಟು ಬಿಟ್ಟು ಓಡಿದ್ರೆ ಪಾಯಸ ಸುಟ್ಟು ಹೋಗ್ತಿತ್ತು. ಎಂಟುನೂರು ಜನ. ತಿರುಗಿಸ್ತಾ ಇದ್ದೆ. ಗರುಡ ಗರುಡ ಅಂತ ಕೇಳಿಸ್ತು. ಹೊಗೆಯಲ್ಲಿ ಕಣ್ಣು ಬೇರೆ ಬಿಡ್ಲಿಕ್ಕೆ ಆಗ್ಲಿಲ್ಲ." ಸೆರಗಿನ ಕಲೆ ಉಜ್ಜಿದರು. "ಚಂದ ಇತ್ತಾ?"

ವಸಂತಕುಮಾರರು ಅನ್ನ ಕಲಸುವುದನ್ನು ನಿಲ್ಲಿಸಿದರು. ಹೌದು ಎಂದರೆ ಆಯಿತು. ಊರೆಲ್ಲ ಹೌದು ಎಂದಿದೆ. ಆದರೆ ಈ ಒಬ್ಬಳು ಕಾದಿರುವುದು ತನ್ನ ಮಾತಿಗೆ.

"ಬರ್ಲಿಲ್ಲ" ಎಂದರು, ಎಲೆ ನೋಡುತ್ತಾ. "ಬಂದದ್ದು ಹದ್ದು. ಗರುಡ ಬರ್ಲೇ ಇಲ್ಲ."

ಸ್ವರ್ಣಲತಾ ಅವರನ್ನೇ ನೋಡಿದರು. ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡರು ವಸಂತಕುಮಾರರು.

"ಬರ್ಲೇ ಇಲ್ವಾ? ದೇವರಾಣೆ?"

"ದೇವರಾಣೆ."

"ಹಾಗಾದ್ರೆ ನಾನು ತಪ್ಪಿಸ್ಕೊಳ್ಲೇ ಇಲ್ಲ!" ಎಂದು ಸ್ವರ್ಣಲತಾ ಎರಡೂ ಕೈ ತಟ್ಟಿ ನಕ್ಕುಬಿಟ್ಟರು. "ಅಯ್ಯೋ, ಎರಡು ಗಂಟೆಯಿಂದ ಆ ಅಡುಗೆಯವನಿಗೆ ಶಾಪ ಹಾಕ್ತಾ ಇದ್ದೇನೆ! ಅವನೂ ನೋಡ್ಲಿಲ್ಲ ಹಾಗಾದ್ರೆ! ಯಾರೂ ನೋಡ್ಲಿಲ್ಲ! ಈಗ ಎಲ್ರೂ ನನ್ನ ಹಾಗೇ!" ನಗುವಿನ ನಡುವೆ ಗಂಡನ ಎಲೆಗೆ ತಂಬಿಗೆಯಿಂದ ಪಾಯಸ ಸುರಿದರು. ಅದು ಒಂಚೂರೂ ಅಡಿ ಹಿಡಿದಿರಲಿಲ್ಲ. ವಸಂತಕುಮಾರರು ಜೀವನದಲ್ಲಿ ಮೊದಲ ಬಾರಿಗೆ ಬೆಳಕಿಗೆ ಹಿಡಿಯದೆ ಕುಡಿದರು. ನಿಜ ಹೇಳಿ ಇಷ್ಟು ಹಗುರ ಆಗಬಹುದೆಂದು ಅವರಿಗೆ ಗೊತ್ತಿರಲಿಲ್ಲ.

ಆ ಹಗುರ ಹತ್ತು ನಿಮಿಷ ಬಾಳಿತು.

ದಿಶಾ ಮೆಟ್ಟಿಲು ಹಾರಿಕೊಂಡು ಬಂದಳು, ಕೈಯಲ್ಲಿ ಮೊಬೈಲ್. ಕಿಂಡಿಯ ಕೆಳಗೆ ನಿಂತು ತೆಗೆದ ವಿಡಿಯೋ. ಅದನ್ನು ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿ, ಅಪ್ಪನ ಮೂಗಿನೆದುರು ಹಿಡಿದಳು.

"ಪಪ್ಪಾ, ಝೇಂಡಾ ಕಾ ನಾಹೀ ದಾಖವಲಾ? ಶೇಪಟಿ ಬಘ ನಾ!" ಬಾವುಟ ಯಾಕೆ ತೋರಿಸಲಿಲ್ಲ, ಬಾಲ ನೋಡು, ಎನ್ನುತ್ತಿದ್ದಳು.

ವಸಂತಕುಮಾರರು ಬಾಲ ನೋಡಿದರು. ಹದ್ದಿನ ಬಾಲ ಮೀನಿನ ಬಾಲದ ಹಾಗೆ ಕವಲು ಒಡೆದಿರುತ್ತದೆ. ಇದರದು ಬೀಸಣಿಗೆಯ ಹಾಗೆ ದುಂಡಗಿತ್ತು. ಗರುಡನ ಬಾಲ ದುಂಡಗೆ. ಮರಿ ಗರುಡ ಮೈಯೆಲ್ಲ ಕಂದು. ಕೆಂಪು ಬಿಳುಪು ಬರಲು ಇನ್ನೂ ವರ್ಷ ಬೇಕು. ಬಾಲ ಮಾತ್ರ ಹುಟ್ಟಿನಿಂದಲೇ ದುಂಡಗೆ. ಖಾಡಿಯ ದೋಣಿಯಲ್ಲಿ ಮಗಳು ಹೇಳಿದ "ಬಚ್ಚೇ ಹೈ" ಮೂರು ವರ್ಷ ತಡವಾಗಿ, ಈಗ ತಲೆಯೊಳಗೆ ಇಳಿಯಿತು.

"ನಾ ಆಗ್ಲೇ ಹೇಳ್ಲಿಲ್ಲೇನ್ರಿ, ಮರಿ ಅಂತ" ಎಂದ ಸೈದಪ್ಪ, ಹೋಳಿಗೆ ಅಗಿಯುತ್ತಾ, ಯಾವ ಜಂಬವೂ ಇಲ್ಲದೆ. "ನೀವ್ ಬಣ್ಣ ನೋಡಿದ್ರಿ. ನಾ ಅದು ಬಂದ ದಿಕ್ಕು ನೋಡ್ದೆ."

ಮೂವತ್ತೊಂದು ವರ್ಷದ ದಾಖಲೆ ನೀರಿನ ಟಾಂಕಿಯ ಪಕ್ಕದಲ್ಲಿ ಬಿದ್ದುಹೋಯಿತು. ಅದೂ ಕೆಟ್ಟದ್ದನ್ನು ಪಾಸು ಮಾಡಿ ಅಲ್ಲ. ಸಾಕ್ಷಾತ್ ಗರುಡನನ್ನು, ಮುಹೂರ್ತಕ್ಕೆ ಸರಿಯಾಗಿ ಬಂದವನನ್ನು, ಕೆಂಪು ಡಬ್ಬಿಗೆ ಹಾಕಿ. ಪಾದರಕ್ಷೆ ವಿಭಾಗದಲ್ಲಿ ನಿಂತು ಬಟ್ಟೆ ನೋಡಿದವರಿಗೆ ಗರುಡ ಸಿಕ್ಕಿತ್ತು. ಒಳ್ಳೆಯ ದುರ್ಬೀನು ಹಿಡಿದವರಿಗೆ ಸಿಕ್ಕಿರಲಿಲ್ಲ. ಹೀಗೆ ಕೆಂಪು ಡಬ್ಬಿಗೆ ಇನ್ನೂ ಏನೇನು ಹೋಗಿರಬಹುದು ಎಂದು ಅವರಿಗೆ ಒಮ್ಮೆಲೇ ಅನಿಸಿತು. ಎಷ್ಟು ಮುಚ್ಚಳ, ಎಷ್ಟು ಇಡ್ಲಿ.

ಆದರೆ ಕಾರ್ಖಾನೆಯಲ್ಲಿ ಒಂದು ನಿಯಮ ಇದೆ: ತಪ್ಪು ಗೊತ್ತಾದ ತಕ್ಷಣ ಮಾಲು ವಾಪಸ್ ಕರೆಸಬೇಕು. ಅವರು ಹೆಂಡತಿಯ ಕಡೆ ತಿರುಗಿದರು.

"ಸ್ವರ್ಣಾ, ನಾನು ಹೇಳಿದ್ದು ತಪ್ಪು. ಅದು ಗರುಡನೇ. ಮರಿ. ಬಂದಿತ್ತು. ನೀನು... ಐದನೇ ಸಲ."

ಸ್ವರ್ಣಲತಾ ಮೊಬೈಲನ್ನು ತೆಗೆದುಕೊಂಡು, ಕನ್ನಡಕ ಮೂಗಿಗೆ ಇಳಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು.

"ಮರಿಯನ್ನು ಕಳ್ಸಿದ್ದು ನೋಡಿ! ಮರಿಯನ್ನು ಪೂಜೆಗೆ ಕಳ್ಸಿ ಅದರ ತಾಯಿ ಎಲ್ಲಿ? ಅದೂ ಅಡುಗೆಮನೆಯಲ್ಲೇ ಇರ್ಬೇಕು, ನನ್ನ ಹಾಗೆ!"

ಸೈದಪ್ಪನಿಗೆ ಹೋಳಿಗೆ ನೆತ್ತಿಗೇರಿತು. ದಿಶಾ ಅಮ್ಮನನ್ನು ತಬ್ಬಿಕೊಂಡಳು. ಕೆಳಗಿನಿಂದ ತಲೆ ಎತ್ತಿ ನೋಡಿದ ರಂಜನ್ ಹೆಗ್ಡೆಗೆ ವಸಂತಕುಮಾರರು ಎದ್ದು ನಿಂತು ಎರಡೂ ಕೈ ಜೋಡಿಸಿ, "ಗರುಡನೇ ಮಾರಾಯ! ನನ್ನದೇ ತಪ್ಪು!" ಎಂದು ಕೂಗಿದರು. "ಅದನ್ನು ಎಂಟುನೂರು ಜನ ಆಗ್ಲೇ ಹೇಳಿದ್ದಾರೆ, ನೀವು ಕೆಳಗೆ ಬನ್ನಿ!" ಎಂದರು ರಂಜನ್, ಬಾಯಲ್ಲಿ ಎಲೆ ಅಡಿಕೆ.

ಮಾರನೆಯ ದಿನ ಸೋಮವಾರ. ಮಹಾಪೆಯ ಬೆಲ್ಟಿನೆದುರು ಬೇರೆ ಯಾರೋ ಕೂತರು. ವಸಂತಕುಮಾರರು ರಜೆ ಹಾಕಿ, ಬೆಳಿಗ್ಗೆ ಏಳಕ್ಕೆ ಹೆಂಡತಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಖಾಡಿಯ ದಂಡೆಗೆ ಹೋದರು. ಸೈದಪ್ಪ ಹೇಳಿದ ಮೂರು ತೆಂಗಿನ ಮರ ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ಕಪ್ಪು ಕೆಸರು, ಪ್ಲಾಸ್ಟಿಕ್ ಚೀಲಗಳು ನೇತಾಡುವ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡಗಳು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ದೂರದಲ್ಲಿ ಸೇತುವೆಯ ಮೇಲೆ ವಾಹನಗಳ ಸಾಲು.

"ದುರ್ಬೀನು ಹಿಡ್ಕೊ."

"ಬೇಡ, ನೀವೇ ಇಟ್ಕೊಳ್ಳಿ. ನಿಮಗೇ ಬೇಕಾಗ್ತದೆ" ಎಂದು ಸ್ವರ್ಣಲತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಮೇಲೆ ನಿಂತರು.

ಅರ್ಧ ಗಂಟೆ ಏನೂ ಇಲ್ಲ. ಬೆಳ್ಳಕ್ಕಿಗಳು, ಕಾಗೆಗಳು, ಒಂದೆರಡು ಹದ್ದು. ಪ್ರತಿ ಸಲ ಏನಾದರೂ ಹಾರಿದಾಗ ವಸಂತಕುಮಾರರು ಬಾಯಿ ತೆರೆದು, ನಿನ್ನೆಯದು ನೆನಪಾಗಿ, ಮುಚ್ಚಿದರು. ಆಮೇಲೆ ನಡುವಿನ ಮರದ ಕಡೆಯಿಂದ ಮಗು ಅಳುವಂಥ ಒಂದು ಎಳೆ ಕೂಗು ಕೇಳಿಸಿತು. ಕಂದು ಮರಿ ತೆಂಗಿನ ಗರಿಯ ಮೇಲೆ ಕೂತು ರೆಕ್ಕೆ ನಡುಗಿಸುತ್ತಿತ್ತು. ಅದಕ್ಕೆ ಉತ್ತರವಾಗಿ ಖಾಡಿಯ ನೀರಿನ ಮೇಲೆ, ಬಿಸಿಲಿಗೆ ಇಟ್ಟಿಗೆ ಕೆಂಪಾಗಿ ಹೊಳೆಯುತ್ತಾ, ಬಿಳಿ ತಲೆ ಬಗ್ಗಿಸಿ, ಕಾಲಲ್ಲಿ ಒಂದು ಮೀನು ಹಿಡಿದು ಅದು ಬಂತು. ಅವಸರವೇ ಇರಲಿಲ್ಲ. ಅವರ ನೆತ್ತಿಯ ಮೇಲೆ, ರೆಕ್ಕೆಯ ಗಾಳಿ ಕೇಳಿಸುವಷ್ಟು ಹತ್ತಿರದಲ್ಲಿ ಒಂದು ಸುತ್ತು ಹಾಕಿ ಮರಕ್ಕೆ ಹೋಯಿತು.

ಸ್ವರ್ಣಲತಾ ಕೈ ಮುಗಿಯಲಿಲ್ಲ. ಮರೆತೇ ಹೋಯಿತು. ಬಾಯಿ ತೆರೆದು, ಕತ್ತು ಹಿಂದಕ್ಕೆ ಬಾಗಿಸಿ, ಏಳು ವರ್ಷದ ಹುಡುಗಿಯ ಹಾಗೆ ನಿಂತಿದ್ದರು. ವಸಂತಕುಮಾರರಿಗೆ ದುರ್ಬೀನು ಕತ್ತಿನಲ್ಲಿ ನೇತಾಡುತ್ತಿರುವುದೂ ನೆನಪಿರಲಿಲ್ಲ. ಬಾಲ ದುಂಡಗಿತ್ತೋ ಇಲ್ಲವೋ ನೋಡಲಿಲ್ಲ.

"ಬಂತು" ಎಂದರು ಸ್ವರ್ಣಲತಾ. "ಅಡುಗೆ ಆಯ್ತು ಅಂತ ಕಾಣ್ತದೆ." ಆಮೇಲೆ ಗಂಡನ ಭುಜಕ್ಕೆ ಮೊಣಕೈಯಿಂದ ತಿವಿದರು. "ಎಂತ ಸುಮ್ಮನೆ ನಿಂತದ್ದು? ಪಾಸಾ?"

ವಸಂತಕುಮಾರರು ಚೀಲಕ್ಕೆ ಕೈ ಹಾಕಿ, ಗಾರ್ಡಿಗೆ ವಾಪಸು ಕೊಡಬೇಕಾಗಿದ್ದ ಹಸಿರು ಬಾವುಟ ತೆಗೆದರು. ನಿನ್ನೆ ಬೀಸದೆ ಉಳಿದದ್ದನ್ನೆಲ್ಲ ಸೇರಿಸಿ, ಎರಡೂ ಕೈಯಲ್ಲಿ ಹಿಡಿದು, ಕಾಲ ಬೆರಳ ಮೇಲೆ ನಿಂತು ಬೀಸಿದರು. ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ.

ಖಾಡಿಯ ನಡುವೆ ಬಲೆ ಎಳೆಯುತ್ತಿದ್ದ ಒಬ್ಬ ಮೀನುಗಾರ ಅದನ್ನು ನೋಡಿದ. ತನ್ನನ್ನೇ ಕರೆಯುತ್ತಿದ್ದಾರೆ ಎಂದುಕೊಂಡು ದೋಣಿ ತಿರುಗಿಸಿ, ಕೆಸರು ಸೀಳಿಕೊಂಡು ದಂಡೆಗೆ ತಂದು ನಿಲ್ಲಿಸಿದ.

"ಕುಠೇ ಜಾಯ್ಚಂಯ?" ಎಂದ. ಎಲ್ಲಿಗೆ ಹೋಗಬೇಕು?

ವಸಂತಕುಮಾರರು ಹೆಂಡತಿಯ ಮುಖ ನೋಡಿದರು. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಸ್ವರ್ಣಲತಾ ಆಗಲೇ ಚಪ್ಪಲಿ ಕೈಗೆ ತೆಗೆದುಕೊಂಡು, ದೋಣಿಯೊಳಗೆ ಒಂದು ಕಾಲಿಟ್ಟಾಗಿತ್ತು.